ಹಳೆಯ ಎಂಜಿಬಿಗೆ ಸರಿಯಾದ ಸ್ಪ್ರಿಂಗ್ ಹುಡುಕುವುದು ಹೇಗೆ?

ತುಮಕೂರಿನಲ್ಲಿ ಲಾರಿ ಬ್ಲೇಡ್ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಶೆಡ್ಡಿನಲ್ಲಿರುವ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಅವರ ಬಳಿ ಬಿಟ್ಟು ‘ಹೊಂದುವಂಥದ್ದು ಯಾವುದಾದರೂ ಹಾಕಿ’ ಎನ್ನಬೇಡಿ. ಅಂಗಡಿಗೆ ಹೋಗುವ ಮೊದಲೇ ಅಳತೆ ನಿಮ್ಮ ಕೈಯಲ್ಲಿರಬೇಕು.

ಮೊದಲು ನಿಮ್ಮದು ಯಾವ ಎಂಜಿಬಿ ಎಂದು ತಿಳಿಯಿರಿ. ಈ ಕಾರು ತಯಾರಾದದ್ದು 1962ರಿಂದ 1980ರವರೆಗೆ. 1965ರಲ್ಲಿ ಬಂದ ಜಿಟಿ, ಅಂದರೆ ಗಟ್ಟಿ ಛಾವಣಿಯ ಮಾದರಿ, ತೆರೆದ ಮಾದರಿಗಿಂತ ಭಾರ. 1974ರ ಕೊನೆಗೆ ಕ್ರೋಮ್ ಹೋಗಿ ಕಪ್ಪು ರಬ್ಬರ್ ಬಂಪರ್ ಬಂದಾಗ ಕಾರನ್ನೇ ಸುಮಾರು ಒಂದು ಇಂಚು ಎತ್ತರಿಸಿದರು. ಹಾಗಾಗಿ ಆರ್ಡರ್ ಕೊಡುವಾಗ ಮಾದರಿ, ವರ್ಷ, ಚಾಸಿ ನಂಬರ್, ಬಂಪರ್ ಎಲ್ಲವನ್ನೂ ಹೇಳಿ.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರಿನ ಗಾಳಿ ಸರಿಮಾಡಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಎಂಜಿಬಿಯ ಶಾಕ್ ಅಬ್ಸಾರ್ಬರ್ ಕೆಟ್ಟರೆ ಕಾರು ಕುಣಿಯುತ್ತದೆ, ತಗ್ಗುವುದಿಲ್ಲ. ತಗ್ಗಿದ್ದರೆ ಸ್ಪ್ರಿಂಗಿನ ಮೇಲೆ ಅನುಮಾನ ಪಡಿ.

ಮುಂದಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವುದನ್ನು ಅನುಭವಿ ಮೆಕ್ಯಾನಿಕ್‌ಗೇ ಬಿಡಿ. ಒತ್ತಡದಲ್ಲಿರುವ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ. ಬಿಚ್ಚಿದ ಮೇಲೆ ಹಳೆಯದರ ಪಕ್ಕ ಹೊಸದನ್ನಿಟ್ಟು ಉದ್ದ ನೋಡಿ ಒಪ್ಪಿಬಿಡುವವರೇ ಹೆಚ್ಚು. ವರ್ಷಗಟ್ಟಲೆ ಭಾರ ಹೊತ್ತು ಕುಸಿದ ಸ್ಪ್ರಿಂಗಿನ ಉದ್ದವನ್ನು ನಂಬಲಾಗದು. ಅದರ ಬಿಗಿ, ಅಂದರೆ ಇಂತಿಷ್ಟು ಅದುಮಲು ಎಷ್ಟು ಭಾರ ಬೇಕು ಎಂಬುದು ಮಾತ್ರ, ಬಹುಮಟ್ಟಿಗೆ ಹಾಗೇ ಉಳಿದಿರುತ್ತದೆ. ಆ ಬಿಗಿ ನಿಂತಿರುವುದು ತಂತಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ (ಭಾರಕ್ಕೆ ಕುಗ್ಗುವ) ಸುತ್ತುಗಳ ಸಂಖ್ಯೆಯ ಮೇಲೆ. ಇವುಗಳಲ್ಲಿ ದಪ್ಪವೇ ಮುಖ್ಯ, ಏಕೆಂದರೆ ಲೆಕ್ಕದಲ್ಲಿ ಅದು ನಾಲ್ಕನೇ ಘಾತದಲ್ಲಿ ಬರುತ್ತದೆ. ಉಳಿದದ್ದೆಲ್ಲ ಒಂದೇ ಇದ್ದರೂ, 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಆದರೆ ಬಿಗಿ ಸುಮಾರು ಶೇ 38 ಏರುತ್ತದೆ. 12 ಮಿ.ಮೀ. ತಂತಿಯನ್ನು ಅಳೆಯುವಾಗ 0.3 ಮಿ.ಮೀ. ಹೆಚ್ಚು ಬಂದರೂ ಲೆಕ್ಕ ಶೇ 10ರಷ್ಟು ತಪ್ಪುತ್ತದೆ. ಆದ್ದರಿಂದ ಬಣ್ಣ, ತುಕ್ಕು ಕೆರೆದೇ ವರ್ನಿಯರ್ ಕ್ಯಾಲಿಪರ್ (ದಪ್ಪ ಅಳೆಯುವ ಸಾಧನ) ಹಿಡಿಯಿರಿ. ಹಿಂದಿನ ಮಾಲೀಕರು ಬೇರೆ ಸ್ಪ್ರಿಂಗ್ ಹಾಕಿಸಿರಬಹುದು. ನಿಮ್ಮ ಅಳತೆಯನ್ನು ಕಂಪನಿಯ ವರ್ಕ್‌ಶಾಪ್ ಮ್ಯಾನುಯಲ್ ಜೊತೆ ತಾಳೆ ನೋಡಲೇಬೇಕು.

ಎತ್ತರ ಇಳಿಸಲೆಂದು ಸುತ್ತು ಕತ್ತರಿಸುವುದು ಖಂಡಿತ ಬೇಡ. ಸುತ್ತು ಕಡಿಮೆಯಾದಂತೆ ಸ್ಪ್ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ.

ಹಿಂದೆ ಇರುವುದು ಬ್ಲೇಡ್. ಎಷ್ಟು ಬ್ಲೇಡ್, ಒಂದೊಂದರ ದಪ್ಪವೆಷ್ಟು, ನಡುವಿನ ಬೋಲ್ಟಿನಿಂದ ಎರಡೂ ತುದಿಯ ಕಣ್ಣಿಗೆ (ಸುರುಳಿ ಸುತ್ತಿದ ರಂಧ್ರಕ್ಕೆ) ಎಷ್ಟು ದೂರ ಎಂದು ಬರೆದುಕೊಳ್ಳಿ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಉಕ್ಕಿನ ಹದ ಕೆಡುತ್ತದೆ.

ಎಡಬಲ ಜೋಡಿಯಾಗಿಯೇ ಬದಲಿಸಿ. ರಬ್ಬರ್ ಬುಷ್‌ಗಳ ನಟ್ಟನ್ನು ಪೂರ್ತಿ ಬಿಗಿಯುವುದು ಕಾರಿನ ಭಾರ ಚಕ್ರಗಳ ಮೇಲೆ ಕೂತ ನಂತರವೇ. ಕೆಲವು ನೂರು ಕಿ.ಮೀ. ಓಡಿಸಿ, ಸ್ಪ್ರಿಂಗ್ ಹೊಂದಿಕೊಂಡ ಮೇಲೆ ನಾಲ್ಕೂ ಕಡೆ ಮತ್ತೆ ಅಳೆದು ವೀಲ್ ಅಲೈನ್‌ಮೆಂಟ್ ಮಾಡಿಸಿ.