ಹಗ್ಗ ಎಳೆದುಕೊಂಡು ಓಡುವ ಕುದುರೆ: ಬಲ ಬೇಡ, ಕತ್ತು ನೋಡಿ

ತಣ್ಣೀರುಬಾವಿ ಬೀಚಿನಲ್ಲಿ ಒಂದು ಭಾನುವಾರ ಸಂಜೆ ಕಂಡದ್ದು. ಹೊಸದಾಗಿ ಕುದುರೆ ತಂದವರೊಬ್ಬರು ಅದಕ್ಕೆ ಹಗ್ಗ ಹಾಕಿ, ತಾವು ನಡುವೆ ನಿಂತು ಸುತ್ತು ನಡೆಸುತ್ತಿದ್ದರು. ಎರಡು ಸುತ್ತು ಚೆಂದಕ್ಕೆ ನಡೆಯಿತು. ಮೂರನೆಯದಕ್ಕೆ ಕುದುರೆ ಮೂತಿಯನ್ನು ಹೊರಗೆ ತಿರುಗಿಸಿತು, ಕತ್ತನ್ನು ಕಂಬದ ಹಾಗೆ ನೆಟ್ಟಗೆ ಮಾಡಿತು, ಅಷ್ಟೇ. ಹಗ್ಗ ಬಿಡದ ಮನುಷ್ಯ ಹೊಟ್ಟೆ ಮೇಲೆ ಮರಳಿನಲ್ಲಿ ಜಾರಿಕೊಂಡು ಹೋದರು. ಚುರುಮುರಿ ಗಾಡಿ ಹತ್ತಿರ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ನನ್ನ ಬಲಗೈಯಲ್ಲೂ ಇಂಥದ್ದೇ ಕತೆಯ ಗುರುತು ಉಂಟು.

"ಕೋಣ ಹಿಡಿದವರು ನಾವು, ಕುದುರೆ ಎಂತ ದೊಡ್ಡದು?" ಅನ್ನುವವರು ನಮ್ಮಲ್ಲಿ ಜಾಸ್ತಿ. ಮಾರಾಯ್ರೆ, ಕೋಣಕ್ಕೆ ಮೂಗುದಾರ ಉಂಟು. ಕಂಬಳದಲ್ಲಿ ಓಡಿಸುವವರು ಕೋಣಗಳನ್ನು ನಡುದಾರಿಯಲ್ಲಿ ನಿಲ್ಲಿಸಲು ಹೋಗುವುದೇ ಇಲ್ಲ, ಅವನ್ನು ಹಿಡಿಯಲು ಓಟ ಮುಗಿಯುವ ತುದಿಯಲ್ಲಿ, ಅಂದರೆ ಮಂಜೊಟ್ಟಿಯಲ್ಲಿ, ಬೇರೆ ಜನ ನಿಂತಿರುತ್ತಾರೆ. ಕುದುರೆಗೆ ಮೂಗುದಾರವೂ ಇಲ್ಲ, ಮಂಜೊಟ್ಟಿಯೂ ಇಲ್ಲ. 400 ಕಿಲೋ ತೂಗುವ ಪ್ರಾಣಿಯ ಜತೆ ಹಗ್ಗಜಗ್ಗಾಟಕ್ಕೆ ನಿಂತರೆ ಗೆಲ್ಲುವುದು ಅದೇ. ಒಂದು ಸಲ ಗೆದ್ದರೆ ನಾಳೆಯೂ ಅದೇ ಉಪಾಯ ಮಾಡುತ್ತದೆ.

ಮೊದಲು ಸಾಮಾನು. ತಲೆಗೆ ಹಾಕುವ ಹಾಲ್ಟರ್ ತೆಳ್ಳಗಿನ ಹಗ್ಗದ್ದಿರಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅಗಲ ಪಟ್ಟಿಯ ನೈಲಾನ್ ಹಾಲ್ಟರ್ ಕುದುರೆಗೆ ತಲೆಯಿಟ್ಟು ಒರಗಲು ದಿಂಬು ಕೊಟ್ಟ ಹಾಗೆ, ಎಳೆಯುವ ಕುದುರೆಗೆ ಅದು ಬೇಡವೇ ಬೇಡ. ಕೈಯಲ್ಲಿ ಹಿಡಿಯುವ ಹಗ್ಗ ಹೆಬ್ಬೆರಳು ದಪ್ಪದ ಹತ್ತಿಯದ್ದು, 12 ಅಡಿ. ಮಲ್ಪೆ ಬಂದರಿನ ಹತ್ತಿರ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗ ಗಟ್ಟಿಯೇ, ಆದರೆ ಜಾರಿದಾಗ ಅಂಗೈ ಸುಟ್ಟುಬಿಡುತ್ತದೆ. ಮೂಗಿನ ಮೇಲೆ ಸರಪಳಿ ಹಾಕಿ ಅಂತ ಕೆಲವರು ಹೇಳುತ್ತಾರೆ. ನಾನು ಹಾಕುವುದಿಲ್ಲ, ಹೆದರಿದ ಕುದುರೆ ಅದರ ನೋವಿಗೆ ಮುಂಗಾಲೆತ್ತಿ ನಿಲ್ಲುವುದನ್ನು ನೋಡಿದ್ದೇನೆ. ಕೈಗವಸು ಬೇಕು. ಚಪ್ಪಲಿ ಬೇಡ, ಬೂಟು. ಹೆಚ್ಚಾದ ಹಗ್ಗವನ್ನು ಮಡಚಿ ಅಂಗೈಯಲ್ಲಿ ಇಟ್ಟುಕೊಳ್ಳಿ, ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ. ನಾನು ಸುತ್ತಿಕೊಂಡಿದ್ದೆ. ಮೂರು ವಾರ ಗಂಜಿಯನ್ನು ಎಡಗೈಯಲ್ಲಿ ಚಮಚ ಹಿಡಿದು ಉಣ್ಣಬೇಕಾಯಿತು.

ಜಾಗ: ಬೇಲಿ ಇರುವ, 50-60 ಅಡಿ ಅಗಲದ ಅಂಗಳ ಸಾಕು. ಬೀಚಿಗೆ ಆಮೇಲೆ ಹೋಗಿ.

ಈಗ ಎಲ್ಲರೂ ಎಡವುವ ಹಂತ. ಕತ್ತು ನೆಟ್ಟಗಾದ ಕುದುರೆಯನ್ನು ಯಾರೂ ಹಿಡಿಯಲಾರರು. ಕತ್ತು ನಿಮ್ಮ ಕಡೆಗೆ ಬಾಗಿದ್ದರೆ ಹತ್ತನೇ ಕ್ಲಾಸಿನ ಹುಡುಗಿಯೂ ಹಿಡಿಯಬಹುದು. ಹಾಗಾಗಿ ಓಡುವ ಕುದುರೆಯನ್ನು ನಿಲ್ಲಿಸುವುದನ್ನು ಕಲಿಯುವ ಮೊದಲು, ನಿಂತ ಕುದುರೆಯನ್ನು ಬಾಗಿಸುವುದನ್ನು ಕಲಿಯಿರಿ. ಕುದುರೆಯ ಎಡಕ್ಕೆ, ಅದರ ಹೆಗಲಿನ ನೇರಕ್ಕೆ ನಿಲ್ಲಿ. ಹಗ್ಗವನ್ನು ಮೆಲ್ಲಗೆ ನಿಮ್ಮ ಸೊಂಟದ ಕಡೆ ತಂದು ಮೂತಿ ನಿಮ್ಮತ್ತ ತಿರುಗುವ ಹಾಗೆ ಮಾಡಿ, ಹಾಗೇ ಅದರ ಹಿಂಭಾಗವನ್ನು ನೋಡುತ್ತ ಒಂದೆರಡು ಹೆಜ್ಜೆ ಆ ಕಡೆ ಹೋಗಿ, ಗೊರಸಿಗೆ ಸಿಗದಷ್ಟು ದೂರದಲ್ಲೇ. ಎಡ ಹಿಂಗಾಲು ಬಲ ಹಿಂಗಾಲಿನ ಮುಂದೆ ಅಡ್ಡ ಬರಬೇಕು. ಬಂದ ಕ್ಷಣ ಹಗ್ಗ ಸಡಿಲ ಬಿಡಿ. ಕುದುರೆಯ ಎಂಜಿನ್ ಇರುವುದು ಹಿಂಗಾಲಿನಲ್ಲಿ, ಅವು ಒಂದಕ್ಕೊಂದು ಅಡ್ಡವಾದಾಗ ನೆಗೆಯಲು ಆಗುವುದಿಲ್ಲ. ಎರಡೂ ಬದಿಗೆ ಮಾಡಿ. ಹೆಚ್ಚಿನವರು ಎಡಕ್ಕೆ ಮಾತ್ರ ಮಾಡಿ ನಿಲ್ಲಿಸುತ್ತಾರೆ, ಆಮೇಲೆ ಕುದುರೆ ಬಲ ಸುತ್ತಿನಲ್ಲೇ ಓಡುತ್ತದೆ, ಗೊತ್ತುಂಟಲ್ವಾ? ನಿಂತಲ್ಲಿ ಸರಿಯಾದ ಮೇಲೆ ನಡಿಗೆಯಲ್ಲಿ, ಆಮೇಲೆ ದುಡುಕಿಯಲ್ಲಿ, ಅಂದರೆ ನಿಧಾನದ ಓಟದಲ್ಲಿ.

ಇಷ್ಟಾದ ಮೇಲೆ ಕಣ್ಣಿಗೆ ಕೆಲಸ. ಓಡುವ ಮೊದಲು ಕುದುರೆ ಹೇಳಿಯೇ ಓಡುತ್ತದೆ. ನಿಮ್ಮ ಕಡೆಯ ಕಿವಿ ನಿಮ್ಮನ್ನು ಕೇಳುವುದು ಬಿಟ್ಟು ಬೇರೆಲ್ಲೋ ತಿರುಗುತ್ತದೆ, ತಲೆ ಮೇಲೇಳುತ್ತದೆ, ಮೂತಿ ಒಂದಿಷ್ಟೇ ಹೊರಕ್ಕೆ ವಾಲುತ್ತದೆ, ಕತ್ತಿನ ಬುಡ ಬಿಗಿಯಾಗುತ್ತದೆ. ಇದೆಲ್ಲ ಆಗಲು ಒಂದೆರಡು ಸೆಕೆಂಡು. ಆಗಲೇ ಬಾಗಿಸಬೇಕು. ಹಿಂದಕ್ಕೆ ಎಳೆಯಬೇಡಿ, ಬದಿಗೆ ಎಳೆಯಿರಿ, ಕೈ ಕೆಳಗಿರಲಿ. ಒಂದೇ ಸಮ ಜಗ್ಗಿ ಹಿಡಿದರೆ ಅದೂ ನಿಮ್ಮ ಮೇಲೆ ಭಾರ ಹಾಕುತ್ತದೆ. ಎಳೆದು ಬಿಡಿ, ಮತ್ತೆ ಎಳೆದು ಬಿಡಿ. "ಹೋ, ಹೋ" ಅಂತ ಕಿರುಚುವುದು ಸುಮ್ನೆ ದಂಡ.

ತಪ್ಪಿಹೋಯಿತು, ಅದು ಮೊದಲ ನೆಗೆತ ನೆಗೆದಾಯಿತು ಅನ್ನಿ. ನೀವಿನ್ನೂ ಅದರ ಬದಿಯಲ್ಲಿ ಇದ್ದರೆ ಹಗ್ಗವನ್ನು ಸೊಂಟಕ್ಕೆ ಒತ್ತಿ, ಮೊಣಕಾಲು ಬಾಗಿಸಿ, ಕುರ್ಚಿಯಲ್ಲಿ ಕೂತ ಹಾಗೆ ಕೂರಿ, ಮೂತಿ ಸುತ್ತಿ ಬರುವ ಸಾಧ್ಯತೆ ಉಂಟು. ಬಾಲದ ನೇರ ಹಿಂದೆ ಬಿದ್ದಿರಾ? ಹಗ್ಗ ಬಿಡಿ. ನಾಚಿಕೆ ಬೇಡ. ಬೇಲಿ ಇರುವ ಅಂಗಳ ಅಂದದ್ದು ಇದಕ್ಕೇ.

ಬಿಟ್ಟ ಮೇಲೆ ಹಿಂದೆ ಓಡಬೇಡಿ, ಓಡಿದಷ್ಟು ಅದೂ ಓಡುತ್ತದೆ. ನಿಂತ ಮೇಲೆ ಹೋಗಿ ಹಿಡಿದು, ಹೊಡೆಯದೆ, ಎಲ್ಲಿಂದ ಕಿತ್ತುಕೊಂಡಿತೋ ಅಲ್ಲಿಗೇ ತಂದು ಎರಡು ಸಲ ಬಾಗಿಸಿ, ಅದು ಸಲೀಸಾಗಿ ಬಾಗಿದ ಮೇಲೆ ಕೆಲಸ ಮುಗಿಸಿ. ಸಿಟ್ಟಿನಲ್ಲಿ ನೇರ ಲಾಯಕ್ಕೆ ಕೊಂಡುಹೋದರೆ, ಓಡಿದರೆ ರಜೆ ಅಂತ ಅದು ಕಲಿಯುತ್ತದೆ.

ಇಷ್ಟು ಮಾಡಿಯೂ ದಿನಾ ಓಡಿದರೆ ಪಶುವೈದ್ಯರಿಗೆ ಹಲ್ಲು, ಬೆನ್ನು ತೋರಿಸಿ. ಇಡೀ ದಿನ ಲಾಯದಲ್ಲಿ ಕಟ್ಟಿ ಹಾಕಿ ಹುರುಳಿ ಸುರಿಯುವುದೂ ಒಂದು ಕಾರಣ. ಮೊದಲು ಹುಲ್ಲು ಹೆಚ್ಚಿಸಿ, ಹುರುಳಿ ಕಡಿಮೆ ಮಾಡಿ, ಬೇಲಿಯೊಳಗೆ ಒಂದೆರಡು ಗಂಟೆ ಬಿಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಅಂಗಳದಲ್ಲಿ ಇದ್ಯಾವುದನ್ನೂ ಮಾಡಬೇಡಿ. ಹತ್ತಿರ ಕೋಲ, ಉತ್ಸವ ಇರುವ ದಿನವೂ ಬೇಡ, ಒಂದು ಗರ್ನಾಲು ಪಟಾಕಿ ಹೊಡೆದರೆ ಒಂದು ತಿಂಗಳ ಪಾಠ ಹೋಯಿತು.