ವಿಶೇಷ ಮಕ್ಕಳನ್ನು ಲಗೋರಿ ಕಣಕ್ಕೆ ಇಳಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಎಷ್ಟೋ ಶಾಲೆಗಳಲ್ಲಿ ಆಟದ ಪೀರಿಯಡ್ ಬಂತೆಂದರೆ ಬೌದ್ಧಿಕ ಅಂಗವಿಕಲತೆ ಇರುವ ಮಗುವಿನ ಪಾಲಿಗೆ ಬರುವುದು ಬ್ಯಾಗು ಕಾಯುವ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೀಡೆಯಲ್ಲೂ ಇವರಿಗೆ ಪಾಲು ಕೊಟ್ಟಿದೆ. ಪಾಲು ಎಂದರೆ ಮೈದಾನದ ಅಂಚಿನಲ್ಲಿ ಕೂರಿಸುವುದಲ್ಲ. ತಂಡದ ಗೆಲುವು ಸೋಲು ಆ ಮಗುವಿನ ಕೈಯಲ್ಲೂ ಇರಬೇಕು. ಲಗೋರಿ ಇದಕ್ಕೆ ಒಳ್ಳೆಯ ಆಟ. ಖರ್ಚಿಲ್ಲ, ನಿಯಮ ಬದಲಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ.

ಮೊದಲು ಮಗುವಿನ ತಾಯಿಯನ್ನೂ ಬಿ.ಆರ್.ಸಿ.ಯ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ. ಶಿಕ್ಷಕರನ್ನೂ, ಅಂದರೆ ವಿಶೇಷ ಮಕ್ಕಳ ಕಲಿಕೆಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನೂ, ಕೂರಿಸಿಕೊಂಡು ಮಾತಾಡಿ. ಫಿಟ್ಸ್ ಬರುತ್ತದೆಯೇ, ಮಾತ್ರೆ ಎಷ್ಟು ಹೊತ್ತಿಗೆ, ಯಾವ ಸದ್ದಿಗೆ ಹೆದರುತ್ತದೆ, ಶೌಚಕ್ಕೆ ಹೋಗಬೇಕಾದರೆ ಹೇಗೆ ತಿಳಿಸುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಮೇಲಿನ ಕೀಲು ಸಡಿಲವಾಗಿರುತ್ತದೆ. ವೈದ್ಯರು ನೋಡಿ ಒಪ್ಪುವ ತನಕ ಪಲ್ಟಿ ಹೊಡೆಸುವುದು, ಕಬಡ್ಡಿಯಲ್ಲಿ ಎಳೆದಾಡಿಸುವುದು ಬೇಡವೇ ಬೇಡ.

ತಂಡಕ್ಕೆ ಆರು ಜನ ಸಾಕು, ಅದರಲ್ಲಿ ಇಬ್ಬರು ವಿಶೇಷ ಮಕ್ಕಳಿರಲಿ. ಉಳಿದವರು ಹೆಚ್ಚುಕಡಿಮೆ ಅದೇ ವಯಸ್ಸಿನವರಾಗಿರಲಿ. ಜೋರಾಗಿ ಓಡುವವರಿಗಿಂತ ತಾಳ್ಮೆಯಿಂದ ಕಾಯಬಲ್ಲವರನ್ನು ಆರಿಸಿ.

ಏಳು ಕಲ್ಲಿನ ಬದಲು ಐದು ಮರದ ಬಿಲ್ಲೆ ಮಾಡಿಸಿ. ಬುಡದ್ದು ಎಂಟು ಇಂಚು ಅಗಲ, ತುದಿಯದ್ದು ನಾಲ್ಕು, ದಪ್ಪ ಒಂದು ಇಂಚು. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಹಳದಿ, ನೀಲಿ ಬಣ್ಣ ಒಂದಾದ ಮೇಲೊಂದು ಬರುವಂತೆ ಬಳಿಸಿ. ಕೆಮ್ಮಣ್ಣಿನ ಮೇಲೆ ಎದ್ದು ಕಾಣುತ್ತದೆ. ಚೆಂಡು ಬಟ್ಟೆಯದ್ದಿರಲಿ, ದೃಷ್ಟಿ ಕಡಿಮೆ ಇರುವ ಮಗು ಆಡುವುದಾದರೆ ಒಳಗೆ ನಾಲ್ಕು ಗೆಜ್ಜೆ ಹಾಕಿ ಹೊಲಿಸಿ. ಹೊಡೆತ ಮೊಣಕಾಲಿನ ಕೆಳಗೆ ಮಾತ್ರ. ಎಸೆಯುವ ಗೆರೆಯನ್ನು ಉಳಿದವರಿಗೆ ಹನ್ನೆರಡು ಅಡಿಗೆ, ಈ ಮಕ್ಕಳಿಗೆ ಆರು ಅಡಿಗೆ ಸುಣ್ಣದಲ್ಲಿ ಎಳೆಯಿರಿ. ಗಾಲಿಕುರ್ಚಿಯ ಮಗುವಿಗಾದರೆ ಬಿಲ್ಲೆಗಳನ್ನು ಬೆಂಚಿನ ಮೇಲೆ ಜೋಡಿಸಿ.

ಇನ್ನು ಮುಖ್ಯ ನಿಯಮ: ಕೊನೆಯ ಎರಡು ಬಿಲ್ಲೆಗಳನ್ನು ವಿಶೇಷ ಮಗುವೇ ಇಡಬೇಕು, ಇಲ್ಲದಿದ್ದರೆ ಲಗೋರಿ ಆಗಲಿಲ್ಲ. ಈ ನಿಯಮ ಇಲ್ಲದಿದ್ದರೆ ಗಡಿಬಿಡಿಯಲ್ಲಿ ಜೊತೆಗಾರರೇ ಎಲ್ಲ ಜೋಡಿಸಿ ಮುಗಿಸುತ್ತಾರೆ, ಮಗು ನೋಡುತ್ತಾ ನಿಲ್ಲುತ್ತದೆ.

ಕಲಿಸುವಾಗ ಹಿಂದಿನಿಂದ ಶುರು ಮಾಡಿ. ನಾಲ್ಕು ಬಿಲ್ಲೆ ನೀವೇ ಜೋಡಿಸಿ, ಐದನೆಯದನ್ನು ಮಗುವಿನ ಕೈಗೆ ಕೊಡಿ. ಅದು ಇಟ್ಟು "ಲಗೋರಿ!" ಎಂದು ಕೂಗಲಿ; ಮಾತು ಬಾರದಿದ್ದರೆ ಎರಡೂ ಕೈ ಎತ್ತಲಿ. ಅದು ಕೈಗೆ ಹತ್ತಿದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ಕಲಿತರೆ ಪ್ರತಿ ಸಲವೂ ಆಟ ಗೆಲುವಿನಲ್ಲೇ ಮುಗಿಯುತ್ತದೆ, ಮಗು ಮತ್ತೆ ಆಡಲು ತಾನಾಗಿ ಬರುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮಾಡಿ ತೋರಿಸಿ, ಮನಸ್ಸಿನಲ್ಲೇ ಐದು ಎಣಿಸುತ್ತಾ ಕಾಯಿರಿ. ದೊಡ್ಡವರಿಗೆ ಕಷ್ಟವಾಗುವುದು ಈ ಕಾಯುವುದೇ. ಎರಡು ಎಣಿಸುವಷ್ಟರಲ್ಲಿ ಕೈ ಹಿಡಿದು ಇಡಿಸಿಬಿಡುತ್ತಾರೆ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ.

ಎಡವಟ್ಟಾಗುವುದು ಹೆಚ್ಚಾಗಿ ಕನಿಕರದಿಂದ. ಎದುರಾಳಿಗಳು ಬೇಕೆಂದೇ ಗುರಿ ತಪ್ಪಿಸುತ್ತಾರೆ, ಮಗುವಿಗೆ ಅದು ಗೊತ್ತಾಗುತ್ತದೆ. ಅದರ ಬದಲು ಬಿಲ್ಲೆಗಳ ಸುತ್ತ ಹತ್ತು ಅಡಿಯ ವೃತ್ತ ಎಳೆದು, ಆಚೆಯಿಂದ ನಿಜವಾಗಿಯೇ ಹೊಡೆಯಲು ಹೇಳಿ. ಆಟಿಸಂ ಇರುವ ಮಗು ವಿಸಿಲ್‌ಗೆ ಕಿವಿ ಮುಚ್ಚಿಕೊಂಡರೆ ಬಾವುಟ ಬಳಸಿ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಬಿಸಿಲಿಗೆ ಒಂಬತ್ತು ಗಂಟೆಯೊಳಗೆ ಆಟ ಮುಗಿಸಿ. ಫಿಟ್ಸ್ ಬಂದರೆ ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು. ಸುತ್ತಲಿನ ಕಲ್ಲು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದದ್ದಾದರೆ ಅಷ್ಟೂ ಕಾಯಬೇಡಿ.

ಶಾಲೆಯಲ್ಲಿ ಕುದುರಿದ ತಂಡವನ್ನು ಊರಿನ ಗಣಪತಿ ಹಬ್ಬದ ಆಟಗಳಿಗೂ ಕರೆದೊಯ್ಯಿರಿ. ಸಮಿತಿಯವರಿಗೆ ವಾರ ಮೊದಲೇ ನಿಯಮ ತಿಳಿಸಿ, ಬೆಳಗಿನ ಮೊದಲ ಆಟ ಕೇಳಿಕೊಳ್ಳಿ. ಧ್ವನಿವರ್ಧಕ, ಜನಜಂಗುಳಿ ಆಗಿನ್ನೂ ಜೋರಾಗಿರುವುದಿಲ್ಲ. ಹಿಂದಿನ ದಿನ ಮಗುವಿಗೆ ಜಾಗ ತೋರಿಸಿ ಬನ್ನಿ. ಮೈಕಿನಲ್ಲಿ "ಪಾಪದ ಮಕ್ಕಳು" ಎನ್ನದೆ ಎಲ್ಲರಂತೆ ಹೆಸರು ಹಿಡಿದು ಕರೆಯಲು ಮೊದಲೇ ಹೇಳಿಡಿ. ಸಮಾಧಾನಕರ ಬಹುಮಾನ ಕೊಡಲು ಬಂದರೆ ಬೇಡವೆನ್ನಿ. ಗೆದ್ದರೆ ಗೆದ್ದವರ ಕಪ್ಪು, ಸೋತರೆ ಮುಂದಿನ ಶನಿವಾರ ಮತ್ತೆ ಅಭ್ಯಾಸ.