ಜೊಟೆರೊದ ಕಲೆಕ್ಷನ್‌ಗಳನ್ನು ಒಬ್ಸಿಡಿಯನ್‌ಗೆ ಜೋಡಿಸಿಕೊಂಡ ಬಗೆ: ನನ್ನ ಅನುಭವ

ಜೊಟೆರೊ ಆಕರಗಳನ್ನೂ ಅವುಗಳ ಪಿಡಿಎಫ್‌ಗಳನ್ನೂ ಜೋಡಿಸಿಡುವ ತಂತ್ರಾಂಶ, ಒಬ್ಸಿಡಿಯನ್ ಟಿಪ್ಪಣಿ ಬರೆದಿಡುವ ತಂತ್ರಾಂಶ. ಜೊಟೆರೊದ ಎಡಬದಿಯಲ್ಲಿ ಕಾಣುವ ಕಲೆಕ್ಷನ್‌ಗಳು ನೋಡಲು ಫೋಲ್ಡರ್‌ಗಳಂತಿದ್ದರೂ ಡಿಸ್ಕ್‌ನಲ್ಲಿ ಆ ಹೆಸರಿನ ಫೋಲ್ಡರ್‌ಗಳು ಇರುವುದಿಲ್ಲ. ಜೊಟೆರೊ ತಾನೇ ಇಟ್ಟುಕೊಳ್ಳುವ ಪ್ರತಿಯೊಂದು ಪಿಡಿಎಫ್ ಅದರ ‘ಸ್ಟೋರೇಜ್’ ಫೋಲ್ಡರಿನ ಒಳಗೆ, ಅಕ್ಷರ ಮತ್ತು ಅಂಕಿ ಸೇರಿ ಎಂಟು ಚಿಹ್ನೆಗಳ ಹೆಸರುಳ್ಳ ಪ್ರತ್ಯೇಕ ಫೋಲ್ಡರಿನಲ್ಲಿರುತ್ತದೆ, ಅದು ಯಾವ ಕಲೆಕ್ಷನ್‌ಗೆ ಸೇರಿದೆ ಎಂಬ ಲೆಕ್ಕ ಡೇಟಾಬೇಸಿನಲ್ಲಿ ಮಾತ್ರ ಸಿಗುತ್ತದೆ. ಒಬ್ಸಿಡಿಯನ್‌ನ ‘ವಾಲ್ಟ್’ ಹಾಗಲ್ಲ. ಅದು ಡಿಸ್ಕ್‌ನ ಒಂದು ಸಾಮಾನ್ಯ ಫೋಲ್ಡರ್, ಒಂದೊಂದು ಟಿಪ್ಪಣಿಯೂ ಅದರೊಳಗಿನ ಒಂದೊಂದು ಮಾರ್ಕ್‌ಡೌನ್ (ಸರಳ ಪಠ್ಯದ) ಕಡತ. ಆದ್ದರಿಂದ ಇಲ್ಲಿನ ಫೋಲ್ಡರ್‌ಗಳು ಅಲ್ಲಿನ ಕಲೆಕ್ಷನ್‌ಗಳ ಪಡಿಯಚ್ಚಾಗಿರಬೇಕು ಎಂದು ಬಯಸುವವರಿಗೆ ನಾನು ಮೊದಲು ಹೇಳುವುದು, ಆ ಆಸೆಯನ್ನೇ ಬಿಡಿ ಎಂದು.

ಕೋಲಾರ ಸೀಮೆಯ ಶಾಸನಗಳ ಬಗ್ಗೆ ಟಿಪ್ಪಣಿ ಮಾಡುವವನಿಗೆ ಇದರ ಕಾರಣ ಬೇಗ ಮನವರಿಕೆಯಾಗುತ್ತದೆ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, 1905ರದು, ಕೋಲಾರ ಜಿಲ್ಲೆಗೆ ಮೀಸಲಾದದ್ದು. ಅದರಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಗಳೂ ಸೇರಿವೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅವೆಲ್ಲ ಆ ಕಡೆಗೆ ಹೋದವು. ನಂದಿಯ ಭೋಗನಂದೀಶ್ವರ ದೇವಾಲಯದ ಒಂದು ಶಾಸನವನ್ನೇ ತೆಗೆದುಕೊಂಡರೆ, ಅದು ಸಂಪುಟದ ಕ್ರಮದಲ್ಲಿ ಕೋಲಾರಕ್ಕೂ ಇಂದಿನ ಆಡಳಿತದಲ್ಲಿ ಚಿಕ್ಕಬಳ್ಳಾಪುರಕ್ಕೂ ನನ್ನ ಅಧ್ಯಯನದ ದೃಷ್ಟಿಯಿಂದ ಒಂದು ರಾಜವಂಶದ ಗುಂಪಿಗೂ ಸೇರುತ್ತದೆ. ಜೊಟೆರೊದಲ್ಲಿ ಒಂದೇ ದಾಖಲೆ ಈ ಮೂರೂ ಕಲೆಕ್ಷನ್‌ಗಳಲ್ಲಿ ನಕಲಾಗದೆ ಇರಬಲ್ಲದು, ಒಂದರಿಂದ ತೆಗೆದರೂ ಉಳಿದೆರಡರಲ್ಲಿ ಉಳಿಯುತ್ತದೆ. ಡಿಸ್ಕ್‌ನ ಕಡತಕ್ಕಾದರೋ ಇರುವುದು ಒಂದೇ ಮನೆ.

ಹೀಗಾಗಿ ನಾನು ವಾಲ್ಟ್‌ನಲ್ಲಿ ಶಾಸನಗಳಿಗೆಂದು ಒಂದೇ ಫೋಲ್ಡರ್ ಇಟ್ಟು, ಜಿಲ್ಲೆ, ತಾಲ್ಲೂಕು, ರಾಜವಂಶ ಇವನ್ನೆಲ್ಲ ಟಿಪ್ಪಣಿಯ ತಲೆಯಲ್ಲಿ ಬರುವ ಪ್ರಾಪರ್ಟಿಗಳಲ್ಲಿ ಬರೆದಿಡುತ್ತೇನೆ. ಎರಡೂ ಕಡೆಯನ್ನು ಬೆಸೆಯುವುದು ಪ್ರತಿ ದಾಖಲೆಗೂ ಜೊಟೆರೊ ಕೊಡುವ, ಅಂಥದೇ ಎಂಟು ಅಕ್ಷರ-ಅಂಕಿಗಳ ಕೀಲಿಯೇ. ದಾಖಲೆಯ ಕೀಲಿಯನ್ನು ಒಳಗೊಂಡ ‘ಜೊಟೆರೊ ಸೆಲೆಕ್ಟ್’ ಲಿಂಕನ್ನು ಪ್ರತಿ ಟಿಪ್ಪಣಿಯಲ್ಲಿ ಇರಿಸಿದ್ದೇನೆ. ನಾಳೆ ಕಲೆಕ್ಷನ್‌ನ ಹೆಸರು ಬದಲಾದರೂ, ದಾಖಲೆಯನ್ನು ಬೇರೆ ಕಲೆಕ್ಷನ್‌ಗೆ ಸರಿಸಿದರೂ ಆ ಲಿಂಕ್ ಒತ್ತಿದರೆ ಅದೇ ದಾಖಲೆ ತೆರೆದುಕೊಳ್ಳುತ್ತದೆ. ಕಡತದ ವಿಳಾಸ ಹಿಡಿದು ಮಾಡಿದ ಲಿಂಕಿಗೆ ಈ ಬಾಳಿಕೆ ಇಲ್ಲ.

ಪಿಡಿಎಫ್ ಮೇಲೆ ನಾನು ಗುರುತು ಹಾಕಿದ ಸಾಲುಗಳನ್ನು ಟಿಪ್ಪಣಿಗೆ ತರುವುದು ‘ಜೊಟೆರೊ ಇಂಟಿಗ್ರೇಶನ್’ ಎಂಬ, ಒಬ್ಸಿಡಿಯನ್‌ಗೆ ಸೇರಿಸಿಕೊಳ್ಳುವ ಪ್ಲಗಿನ್. ಅದು ನಡೆಯಲು ಜೊಟೆರೊದಲ್ಲಿ ‘ಬೆಟರ್ ಬಿಬ್‌ಟೆಕ್ಸ್’ ಎಂಬ ಪ್ಲಗಿನ್ ಇರಬೇಕು. ಇದು ಒಮ್ಮುಖದ ದಾರಿ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಒಬ್ಸಿಡಿಯನ್‌ನಲ್ಲಿ ತಿದ್ದಿದ್ದು ಪಿಡಿಎಫ್‌ಗೆ ಹಿಂದಿರುಗುವುದಿಲ್ಲ. ಅಷ್ಟೇ ಅಲ್ಲ, ಅದೇ ದಾಖಲೆಯನ್ನು ಮತ್ತೆ ಆಮದು ಮಾಡಿಕೊಂಡಾಗ ಟಿಪ್ಪಣಿ ಹೊಸದಾಗಿ ಬರೆಯಲ್ಪಡುವುದರಿಂದ ಸ್ವಂತ ಟೀಕೆಗಳನ್ನು ಮಾದರಿ ಕಡತದ ‘ಪರ್ಸಿಸ್ಟ್’ ಎಂಬ ಕಟ್ಟಿನೊಳಗೇ ಬರೆಯಬೇಕು. ನನಗೆ ಈ ಒಮ್ಮುಖತನವೇ ಮೆಚ್ಚುಗೆ. ಗುರುತುಗಳಿಗೆ ಜೊಟೆರೊ ಯಜಮಾನ, ವಿಚಾರಕ್ಕೆ ಒಬ್ಸಿಡಿಯನ್. ಹೀಗಿರುವುದರಿಂದ ಎರಡರ ನಡುವೆ ತಗಾದೆಯೇ ಹುಟ್ಟುವುದಿಲ್ಲ.

ಫೋನಿಗೆ ಸಿಂಕ್ ಮಾಡಲು ಸಾಧನಗಳ ನಡುವೆ ಫೋಲ್ಡರ್‌ಗಳನ್ನು ಒಂದೇ ತೆರನಾಗಿ ಇಡುವ ಸಿಂಕ್‌ಥಿಂಗ್ ತಂತ್ರಾಂಶ ಬಳಸುತ್ತೇನೆ. ಟಿಪ್ಪಣಿಗಳ ಫೋಲ್ಡರ್ ಎರಡೂ ಕಡೆಯಿಂದ ಬದಲಾಗಬಹುದು. ಪಿಡಿಎಫ್‌ಗಳ ಫೋಲ್ಡರನ್ನು ಫೋನಿನಲ್ಲಿ ‘ರಿಸೀವ್ ಓನ್ಲಿ’ಗೆ ಇಟ್ಟಿದ್ದೇನೆ, ಮುಳಬಾಗಿಲು ತಾಲ್ಲೂಕಿನ ಆವನಿಯ ಗುಡಿಯ ಮುಂದೆ ನಿಂತು ಫೋನಿನಲ್ಲಿ ಕೈತಪ್ಪಿ ಒಂದು ಕಡತವನ್ನು ಅಳಿಸಿದರೂ ಕಂಪ್ಯೂಟರಿನ ಪ್ರತಿ ಹಾಗೇ ಇರುತ್ತದೆ. ಈ ಪಿಡಿಎಫ್‌ಗಳು ಜೊಟೆರೊಗೆ ‘ಲಿಂಕ್ಡ್ ಫೈಲ್’ಗಳಾಗಿ, ಅಂದರೆ ‘ಸ್ಟೋರೇಜ್’ನ ಹೊರಗೇ ಇದ್ದು ಕೊಂಡಿಯ ಮೂಲಕ, ಸೇರಿರುವುದರಿಂದ ಅದರ ಆನ್‌ಲೈನ್ ಸಂಗ್ರಹದ 300 ಎಂಬಿ ಉಚಿತ ಜಾಗವನ್ನು ತಿನ್ನುವುದಿಲ್ಲ. ಆದರೆ ಜೊಟೆರೊದ ಡೇಟಾಬೇಸ್ ಇರುವ ಫೋಲ್ಡರನ್ನು ಇಂಥ ಯಾವ ಸಿಂಕ್‌ಗೂ ಒಪ್ಪಿಸಬಾರದು. ತೆರೆದಿರುವ ಡೇಟಾಬೇಸನ್ನು ಇನ್ನೊಂದು ತಂತ್ರಾಂಶ ನಡುವೆಯೇ ನಕಲು ಮಾಡಿದರೆ ಅದು ಕೆಡುವ ಸಾಧ್ಯತೆಯಿದೆ. ಅದಕ್ಕೆ ಜೊಟೆರೊದ ಸ್ವಂತ ಸಿಂಕ್ ಸಾಕು.

ಇನ್ನು ಕನ್ನಡದಲ್ಲಿ ಕಡತದ ಹೆಸರಿಡುವವರು ಎದುರಿಸುವ ಒಂದು ಸಂಗತಿಯಿದೆ. ‘ಕೋಲಾರ’ದ ‘ಕೋ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಸಂಗ್ರಹಿಸಬಹುದು: ‘ಕ’ದ ಮುಂದೆ ಓಕಾರದ ಒಂದೇ ಸಂಕೇತವಿಡಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಡತ ವ್ಯವಸ್ಥೆಗೆ ಅವು ಬೇರೆ ಬೇರೆ ಹೆಸರುಗಳಾಗಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಬಿಡಿಸಿದ ರೂಪವನ್ನೇ ಇಟ್ಟುಕೊಳ್ಳುತ್ತಿತ್ತು, ಲಿನಕ್ಸ್ ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಡುತ್ತದೆ. ಸಿಂಕ್‌ಥಿಂಗ್ ಇದನ್ನು ತಾನೇ ಸರಿಪಡಿಸುವ ಏರ್ಪಾಡು ಹೊಂದಿದೆಯಾದರೂ ಪೆನ್‌ಡ್ರೈವ್‌ನಿಂದ ಬಂದ ಕಡತಗಳಿಗೆ ಆ ರಕ್ಷಣೆ ಇಲ್ಲ. ಉದ್ದದ ಪ್ರಶ್ನೆಯೂ ಇದೆ: ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್‌ಗಳ ಮಿತಿ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಅಂದರೆ ಗುಣಿತಚಿಹ್ನೆ, ಒತ್ತುಗಳೆಲ್ಲ ಸೇರಿ 85 ಸಂಕೇತಗಳಿಗೇ ಜಾಗ ಮುಗಿಯುತ್ತದೆ. ‘ಮುಳಬಾಗಿಲು ತಾಲ್ಲೂಕು ಆವನಿ ಗ್ರಾಮದ ರಾಮಲಿಂಗೇಶ್ವರ ದೇವಾಲಯದ...’ ಎಂದು ಶುರುಮಾಡಿದವರಿಗೆ ಈ ಮಿತಿ ದೂರವಲ್ಲ.

ಆದ್ದರಿಂದ ಕಡತಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ತಾಲ್ಲೂಕಿನ ಸಂಕ್ಷೇಪ ಮತ್ತು ಸಂಪುಟದ ಶಾಸನ ಸಂಖ್ಯೆಯನ್ನಷ್ಟೇ ಹೆಸರಾಗಿ ಇಡುತ್ತೇನೆ. ಸಂಖ್ಯೆ ಪ್ರತಿ ತಾಲ್ಲೂಕಿಗೂ ಒಂದರಿಂದ ಶುರುವಾಗುವುದರಿಂದ ಸಂಕ್ಷೇಪವಿಲ್ಲದೆ ನಡೆಯದು. ಪೂರ್ಣ ಕನ್ನಡ ಹೆಸರು ಪರ್ಯಾಯ ಹೆಸರುಗಳ ‘ಅಲಿಯಾಸಸ್’ ಪ್ರಾಪರ್ಟಿಯಲ್ಲಿರುತ್ತದೆ, ಒಬ್ಸಿಡಿಯನ್‌ನಲ್ಲಿ ‘ಆವನಿ’ ಎಂದು ಟೈಪಿಸಿದರೆ ಆ ಊರಿನ ಟಿಪ್ಪಣಿಗಳೆಲ್ಲ ಪಟ್ಟಿಯಾಗಿ ಬರುತ್ತವೆ.